ಕಾಣದ ದುಡ್ಡಿಗೆ ನಾವು ಮಾಡಿದ ಮುಯ್ಯಿ

ಗುಂಡಾ, ಚಿನ್ನೀ,

ಕಳೆದ ರಜಕ್ಕೆ ಬಂದಾಗ ನೀವಿಬ್ಬರೂ ಸೇರಿ ನನ್ನನ್ನು ಚೆನ್ನಾಗಿ ಗೇಲಿ ಮಾಡಿದಿರಿ. ನಮ್ಮೂರು ಬಂತು, ನಿಲ್ಲಿಸಪ್ಪ ಎಂದು ಕಂಡಕ್ಟರಿಗೆ ಹೇಳಲು ನಾಚಿಕೊಂಡು ಅಜ್ಜಿ ಮದ್ದೂರಿನವರೆಗೂ ಹೋಗಿ ವಾಪಸ್ ಬಂದಳು ಎಂದು ನಿಮ್ಮ ಅವ್ವ ಹೇಳಿದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಅದು ನಿಜ. ಮದ್ದೂರಿನಲ್ಲಿ ಇಳಿದವಳು ಎರಡು ವಡೆ ತಿಂದು ಬಂದೆ ಎನ್ನುವುದನ್ನು ಮಾತ್ರ ನಿಮ್ಮ ಅವ್ವನಿಗೂ ಹೇಳಿರಲಿಲ್ಲ. ಈಗ ನಿಮಗೆ ಹೇಳಿದ್ದೇನೆ.

ಇದೇ ಅಜ್ಜಿ ಒಂದು ಸಲ ಯಾವುದೋ ದೂರದ ದೇಶದ ಕಂಪ್ಯೂಟರಿಗೆ ಕಳ್ಳರು ನುಗ್ಗಿದ್ದಾರೆಂಬ ದಿಗಿಲು ಹುಟ್ಟಿಸಿ, ಊರಿನ ಇಪ್ಪತ್ತಾರು ಹೆಂಗಸರ ಫೋನಿಗೆ ಬೀಗ ಬೀಳಿಸಿದ್ದಳು ಎಂದರೆ ನಂಬುತ್ತೀರಾ? ಎದುರು ಕೂತು ಹೇಳು ಎಂದರೆ ನನ್ನ ಬಾಯಿ ಏಳುವುದಿಲ್ಲ. ಬರೆಯಲು ಅಷ್ಟು ನಾಚಿಕೆಯಿಲ್ಲ. ಕಾಗದ ನನ್ನ ಮುಖ ನೋಡುವುದಿಲ್ಲವಲ್ಲ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಮೇಲಿನ ಕೆರೆಯ ಏರಿ ಕಿತ್ತುಹೋಗಿ ನೀರು ಊರೊಳಗೆ ಬಂತು. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ. ರಾಗಿ, ಹಾಸಿಗೆ, ಕೋಳಿ, ಚಪ್ಪಲಿ ಹೋದವು. ನಮ್ಮ ಹಿಪ್ಪುನೇರಳೆ ತೋಟ ದಿಣ್ಣೆಯ ಮೇಲಿದ್ದುದರಿಂದ ಉಳಿಯಿತು. ಹುಳು ಮನೆಯ ಒಂದು ಗೋಡೆ ಬಿತ್ತು. ಆ ಸಂದಿನಿಂದ ನನ್ನ ನಲವತ್ತು ಚಂದ್ರಿಕೆಗಳೂ ಒಂದರ ಹಿಂದೆ ಒಂದು ಹೆಣ್ಣಿನ ಕಡೆಯ ದಿಬ್ಬಣದ ಹಾಗೆ ತೇಲಿಕೊಂಡು ಹೊರಟುಹೋದವು. ಚಂದ್ರಿಕೆ ನಿಮಗೆ ನೆನಪಿರಬೇಕು: ಬಿದಿರಿನ ದೊಡ್ಡ ಚಾಪೆಯಂಥ ತಟ್ಟಿ, ಅದರ ಮೇಲೆ ಸುರುಳಿ ಸುತ್ತಿದ ಬಿದಿರಿನ ಪಟ್ಟಿ. ಹಣ್ಣಾದ ರೇಷ್ಮೆ ಹುಳುಗಳನ್ನು ಅದರ ಮೇಲೆ ಬಿಟ್ಟರೆ ಸುರುಳಿಯ ಸಂದಿಯಲ್ಲಿ ಕೂತು ಗೂಡು ಕಟ್ಟುತ್ತವೆ. ಗುಂಡ ಚಿಕ್ಕವನಿದ್ದಾಗ ಅದನ್ನು ದೊಡ್ಡ ಜಿಲೇಬಿ ಎಂದು ಕರೆಯುತ್ತಿದ್ದ. ನನ್ನವುಗಳಲ್ಲಿ ಎರಡು ಬೈರಾಪಟ್ಟಣದ ಕಡೆ ಯಾರದೋ ಬೇಲಿಗೆ ಸಿಕ್ಕಿಕೊಂಡಿದ್ದವು ಎಂದು ಆಮೇಲೆ ಯಾರೋ ಹೇಳಿದರು. ಮಿಕ್ಕವು ಸಮುದ್ರ ಸೇರಿದವೋ ಏನೋ.

ಚಂದ್ರಿಕೆ ಇಲ್ಲ ಎಂದ ಮೇಲೆ ಆ ಸಲ ಹುಳು ಬೇಡ ಎನ್ನಬೇಕಿತ್ತು. ಆದರೆ ಮರಿ ಹುಳುಗಳಿಗೆ ನೆರೆಗೆ ಮುಂಚೆಯೇ ಹೇಳಿಬಿಟ್ಟಿದ್ದೆ. ಮರಿ ಹುಳು ಸಾಕಿ ಮಾರುವ ಚಾಕಿ ಸೆಂಟರಿನವನು ನೀರು ಇಳಿದ ಮುಂದಿನ ವಾರ ಬೈಕಿನ ಹಿಂದೆ ಟ್ರೇ ಕಟ್ಟಿಕೊಂಡು ಬಾಗಿಲಿಗೆ ಬಂದು ನಿಂತ. ಬೇಡಪ್ಪ ಎನ್ನಲು ನನಗೆ ನಾಚಿಕೆಯಾಯಿತು. ಪಾಪ, ಅಷ್ಟು ದೂರದಿಂದ ಬಂದಿದ್ದಾನೆ ಎಂದು ಕಾಫಿ ಕೊಟ್ಟು, ಹುಳು ಇಳಿಸಿಕೊಂಡೆ. ಹೀಗೆ ನಾಚಿಕೆಗೆ ನೂರು ಮೊಟ್ಟೆ ಹುಳು, ಅಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆಯ ನಲವತ್ತು ಸಾವಿರ ಹುಳು, ಸಾಕಿದವಳು ರಾಮನಗರ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಹುಳುವಿನ ಲೆಕ್ಕ ಯಾರ ಮುಲಾಜಿಗೂ ನಿಲ್ಲುವುದಲ್ಲ. ನಾಲ್ಕು ಸಲ ಜ್ವರಕ್ಕೆ ಮಲಗುತ್ತವೆ, ಅಂದರೆ ಮೇವು ಬಿಟ್ಟು ಪೊರೆ ಕಳಚುತ್ತವೆ. ನಾಲ್ಕನೇ ಜ್ವರದಿಂದ ಎದ್ದ ಏಳನೇ ದಿನಕ್ಕೆ ಹಣ್ಣಾಗುತ್ತವೆ. ಆಗ ಚಂದ್ರಿಕೆ ಇರಲೇಬೇಕು. ಇಲ್ಲದಿದ್ದರೆ ಕಂಡಕಂಡಲ್ಲಿ ನೂಲು ಉಗುಳಿ ಸಾಯುತ್ತವೆ. ಅಷ್ಟು ದಿನ ಸೊಪ್ಪು ಕೊಯ್ದು ಹಾಕಿದ್ದೆಲ್ಲ ಮಣ್ಣು. ಬೇರೆ ವರ್ಷವಾದರೆ ಪಕ್ಕದವರ ಹತ್ತಿರ ಎರವಲು ತರಬಹುದಿತ್ತು. ಆ ಸಲ ಇಡೀ ಊರಿನ ಚಂದ್ರಿಕೆಗಳು ಒಟ್ಟಿಗೇ ಪ್ರವಾಸ ಹೋಗಿದ್ದವು. ನನ್ನ ಕೈಯಲ್ಲಿದ್ದದ್ದು ಬಿದ್ದ ಗೋಡೆ ಎತ್ತಿಸುವುದಕ್ಕೆ ಸರಿಹೋಯಿತು. ನಿಮ್ಮ ಅವ್ವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಯಾಕೆಂದು ನಿಮಗೆ ಗೊತ್ತು.

ಹುಳು ಮೂರನೇ ಜ್ವರಕ್ಕೆ ಮಲಗಿದ ದಿನ ಆ ಹುಡುಗಿ ಸ್ಕೂಟರಿನಲ್ಲಿ ಬಂದಳು. ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯವಳು. ನೆರೆ ಬಂದ ಕಡೆ ನೆರವು ಹಂಚುವ ಒಂದು ಸಂಸ್ಥೆಯಲ್ಲಿ ಕೆಲಸ. ಹಾಲಿನ ಡೈರಿಯ ಜಗಲಿಯಲ್ಲಿ ಇಪ್ಪತ್ತಾರು ಹೆಂಗಸರನ್ನು ಕೂರಿಸಿ, ಒಬ್ಬೊಬ್ಬರ ಕೈಗೂ ಒಂದೊಂದು ಹಳೆಯ ಫೋನು ಕೊಟ್ಟಳು. ಇದರೊಳಗೆ ದುಡ್ಡು ಬರುತ್ತದೆ ಎಂದಳು. ಅದು ನೋಟೂ ಅಲ್ಲ, ಬ್ಯಾಂಕಿನದೂ ಅಲ್ಲ, ಕ್ರಿಪ್ಟೋ ಅನ್ನುತ್ತಾರೆ ಎಂದಳು. ನಿಮ್ಮ ಪಾಸ್‌ಬುಕ್ಕುಗಳು ನೆರೆಯಲ್ಲಿ ನೆಂದಿವೆ, ಆಧಾರ್‌ನಲ್ಲಿ ಒಂದು ಹೆಸರು ಖಾತೆಯಲ್ಲಿ ಒಂದು ಹೆಸರು, ಅದೆಲ್ಲ ಸರಿಹೋಗುವಷ್ಟರಲ್ಲಿ ಮುಂದಿನ ಮಳೆಗಾಲ ಬರುತ್ತದೆ, ಇದಾದರೆ ಕೊಡುವವರ ಫೋನಿನಿಂದ ನೆಟ್ಟಗೆ ನಿಮ್ಮ ಫೋನಿಗೆ ಬರುತ್ತದೆ ಎಂದು ವಿವರಿಸಿದಳು. ಮೂರು ಅಂಗಡಿಯವರು ಅದನ್ನು ತೆಗೆದುಕೊಳ್ಳಲು ಒಪ್ಪಿದ್ದರು: ಚನ್ನಪಟ್ಟಣದ ದಿನಸಿ ಅಂಗಡಿ, ಗೊಬ್ಬರದ ಅಂಗಡಿ ಮತ್ತು ರಾಮನಗರದಲ್ಲಿ ಚಂದ್ರಿಕೆ ಮಾರುವವನು. ಮೂರನೆಯದನ್ನು ಕೇಳಿದಾಗ ಕಂಬದ ಹಿಂದೆ ಕೂತಿದ್ದ ನಾನು ಒಂದು ಗೇಣು ಮುಂದೆ ಸರಿದೆ.

ಆಮೇಲೆ ಅವಳು ಒಬ್ಬೊಬ್ಬರಿಗೂ ಒಂದು ಚೀಟಿ ಕೊಟ್ಟಳು. ಅದರಲ್ಲಿ ಹನ್ನೆರಡು ಇಂಗ್ಲಿಷ್ ಪದಗಳು. ಫೋನು ಕಳೆದುಹೋದರೂ ಈ ಹನ್ನೆರಡು ಪದ ಸಾಲಾಗಿ ಗೊತ್ತಿದ್ದರೆ ದುಡ್ಡು ನಿಮ್ಮದೇ, ಗೊತ್ತಾದವರದೂ ಹೌದು, ಆದ್ದರಿಂದ ಗಂಡನಿಗೂ ತೋರಿಸಬೇಡಿ ಎಂದಳು. ಗಂಡನಿಗೂ ತೋರಿಸಬಾರದು ಎಂಬ ಮಾತು ಹೆಂಗಸರಿಗೆ ಬಹಳ ಹಿಡಿಸಿತು. ಆ ಒಂದು ವಾರ ಊರಿನ ಗಂಡಸರು ಯಾವ ಡಬ್ಬ ಮುಟ್ಟಿದರೂ ಬೈಸಿಕೊಂಡರು. ಒಬ್ಬಳು ಚೀಟಿಯನ್ನು ಉಪ್ಪಿನಕಾಯಿ ಜಾಡಿಯ ತಳಕ್ಕೆ ಸೇರಿಸಿದಳು, ಒಬ್ಬಳು ರವಿಕೆಯ ಮಡಿಕೆಯೊಳಗೆ ಹೊಲಿದಳು, ಒಬ್ಬಳು ಅತ್ತೆಯ ಫೋಟೋದ ಹಿಂದೆ ಇಟ್ಟಳು. ಬದುಕಿದ್ದಾಗ ಎಲ್ಲವನ್ನೂ ಕಾಯುತ್ತಿದ್ದಳು, ಇದನ್ನೂ ಕಾಯಲಿ ಎಂದಳು.

ಈ ಕಾಣದ ದುಡ್ಡನ್ನು ಎಲ್ಲಿ ಬರೆದಿಡುತ್ತಾರೆ ಎಂದು ಯಾರೋ ಕೇಳಿದರು. ಅದಕ್ಕೆ ಹುಡುಗಿ, ಲೋಕದವರೆಲ್ಲ ನೋಡಬಹುದಾದ ಒಂದು ಪುಸ್ತಕವಿದೆ, ಅದು ಯಾರೊಬ್ಬರ ಮನೆಯಲ್ಲೂ ಇಲ್ಲ, ಎಲ್ಲರ ಕಂಪ್ಯೂಟರಿನಲ್ಲೂ ಇದೆ, ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಎಂದು ಅದರಲ್ಲಿ ಬರೆದದ್ದನ್ನು ಯಾರೂ ಅಳಿಸುವಂತಿಲ್ಲ ಎಂದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಆಗ ನಮ್ಮ ಪಕ್ಕದ ಮನೆಯ ಅಕ್ಕ, ಕುರಿ ಸಾಕುತ್ತಾಳಲ್ಲ, ನಿಮಗೆ ಗಿಣ್ಣು ಕೊಡುತ್ತಾಳಲ್ಲ, ಅವಳು ಎಲೆಯಡಿಕೆ ಒಂದು ದವಡೆಗೆ ತಳ್ಳಿ ಹೇಳಿದಳು.

“ಇದಕ್ಯಾಕೆ ಇಷ್ಟುದ್ದ ಏಳ್ತೀಯ ಕೂಸು. ಮುಯ್ಯಿ ಪುಸ್ತಕ ಅನ್ನು.”

ಹುಡುಗಿಯ ಕಣ್ಣು ಅರಳಿತು. “ಊ ಕಣವ್ವ, ಅದೇಯ. ಮುಯ್ಯಿ ಪುಸ್ತಕವೇ.” ಎಷ್ಟು ಊರು ತಿರುಗಿದರೂ ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ ಎಂದು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮುಂದೆ ಆದದ್ದಕ್ಕೆಲ್ಲ ಮುಯ್ಯಿ ಪುಸ್ತಕ ಎಂಬ ಆ ಒಂದು ಮಾತೇ ಕಾರಣ ಎಂದು ನಾನು ಈಗಲೂ ಹೇಳುತ್ತೇನೆ. ನೀವು ಮದುವೆ ಮನೆಗಳಲ್ಲಿ ನೋಡಿದ್ದೀರಿ: ಛತ್ರದ ಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬರು ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಬರೆದುಕೊಳ್ಳುತ್ತಾರೆ. ಆ ಪುಸ್ತಕವನ್ನು ಜೋಪಾನವಾಗಿ ಇಡುವುದು ಅವರ ಮನೆಯ ಕಾರ್ಯ ಬಂದಾಗ ತೆಗೆದು ನೋಡಿ ವಾಪಸ್ ಮಾಡುವುದಕ್ಕೆ. ವಾಪಸ್ ಮಾಡದ ಮನೆಯವರನ್ನು ಎದುರಿಗೆ ಯಾರೂ ಏನೂ ಅನ್ನುವುದಿಲ್ಲ. ಹಿಂದೆ ಅನ್ನುವುದನ್ನು ಕೇಳಿದರೆ ಊರು ಬಿಡಬೇಕು. ಅದು ಮುಯ್ಯಿ ಪುಸ್ತಕ ಎಂದು ಒಪ್ಪಿಕೊಂಡ ಮೇಲೆ ನಾವು ಸುಮ್ಮನಿರುವುದು ಹೇಗೆ?

ನಮ್ಮೂರಿಗೆ ಕೊಡುವವರು ಯಾರು ಎಂದೂ ಹುಡುಗಿ ತೋರಿಸಿದಳು. ಹೆಸರಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ ಸೇರಿಸಿದ ಒಂದು ಉದ್ದನೆಯ ಸಾಲು. ಅದೇ ಅವರ ವಿಳಾಸವಂತೆ. ಇಪ್ಪತ್ತಾರು ಮನೆಗೂ ಕೊಡುತ್ತಿರುವವರು ಒಬ್ಬರೇ, ಗಂಡಸೋ ಹೆಂಗಸೋ ತಮ್ಮ ಸಂಸ್ಥೆಗೂ ಗೊತ್ತಿಲ್ಲ ಎಂದಳು. ಪಕ್ಕದ ಮನೆಯ ಅಕ್ಕ ಅದನ್ನೂ ಅಲ್ಲೇ ತೀರ್ಮಾನ ಮಾಡಿದಳು.

“ಎಂಗಸೇ ಕಣ್ರಮ್ಮಿ. ಗಂಡಸಾಗಿದ್ರೆ ಇಷ್ಟೊತ್ಗೆ ಊರ್ ಮುಂದೆ ಕಲ್ಲು ನೆಡ್ಸಿ ಎಸ್ರು ಕೆತ್ಸಿರೋನು.”

ಅಂದಿನಿಂದ ನಮಗೆಲ್ಲ ಅವರು ‘ಆವಮ್ಮ’ ಆದರು.

ದುಡ್ಡು ಬಂದದ್ದು ಹುಳು ನಾಲ್ಕನೇ ಜ್ವರಕ್ಕೆ ಮಲಗಿದ ದಿನ ಮಧ್ಯಾಹ್ನ. ಫೋನು ಟಿಂಗ್ ಎಂದಿತು. ನಲವತ್ತು ಚಂದ್ರಿಕೆಗೂ ಸಾಲುವಷ್ಟಿತ್ತು. ಮರುದಿನ ರಾಮನಗರಕ್ಕೆ ಹೋಗಿ ಚಂದ್ರಿಕೆಯವನಿಗೆ ಕೊಟ್ಟು ಬರುವುದೆಂದು ತೀರ್ಮಾನಿಸಿದೆ. ಅದಕ್ಕೆ ಮುಂಚೆ ಮುಯ್ಯಿ ಮಾಡಿಬಿಡೋಣ ಅನ್ನಿಸಿತು. ಬಂದ ಪಾತ್ರೆಯನ್ನು ಬರಿದು ವಾಪಸ್ ಕೊಡುವ ಮನೆಯಲ್ಲಿ ನಾನು ಬೆಳೆದಿಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಿದ್ದೆವು.

ಇನ್ನೊಂದು ಕಾರಣವೂ ಇತ್ತು, ಅದನ್ನು ನಿಮಗೆ ಮಾತ್ರ ಹೇಳುತ್ತೇನೆ. ನಿಮ್ಮ ತಾತ ಹೋದ ಮೇಲೆ ಯಾವ ಮದುವೆಯಲ್ಲೂ ನಾನು ಮುಂದೆ ಹೋಗಿ ಮುಯ್ಯಿ ಮಾಡಿದವಳಲ್ಲ. ಮೈದುನನ ಕೈಗೆ ಕೊಟ್ಟು ಊಟದ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದೆ. ಈ ಪುಸ್ತಕದ ಮುಂದೆ ಮೇಜೂ ಇರಲಿಲ್ಲ, ಬರೆಯುವವನೂ ಇರಲಿಲ್ಲ, ನನ್ನ ಹಣೆ ನೋಡುವವರೂ ಇರಲಿಲ್ಲ. ಊರಿನ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಆವಮ್ಮನ ಸಾಲನ್ನು ಮುಟ್ಟಿದೆ. ‘ಕಳಿಸು’ ಎಂಬ ಗುಂಡಿ ತಾನಾಗಿ ಎದ್ದು ಬಂತು. ಹನ್ನೊಂದು ರೂಪಾಯಿ ಎಂದು ಒತ್ತಿ ಕಳಿಸಿದೆ. ಕಳಿಸಿದ ಮೇಲೆ ಫೋನಿಗೆ ಕೈಮುಗಿದೆ. ಅದನ್ನು ಗೋಡೆಯ ಮೇಲಿನಿಂದ ಅಕ್ಕ ನೋಡಿಬಿಟ್ಟಳು.

“ಏನಮ್ಮಿ, ಪೋನ್ಗೆ ಪೂಜೆ ಮಾಡ್ತಿದ್ದೀಯಾ?”

ಸುಳ್ಳು ಹೇಳಲು ನನಗೆ ಇನ್ನೂ ನಾಚಿಕೆ. ಇದ್ದದ್ದನ್ನು ಹೇಳಿದೆ.

“ಅಯ್ ನಿನ್ನ. ನೀನೊಬ್ಳು ಮಾಡಿ ನಾವು ಬುಟ್ರೆ ಆವಮ್ಮ ಏನಂದ್ಕಂಡಾಳು? ಈ ಊರಲ್ಲಿ ಮರ್ವಾದಸ್ತೆ ಒಬ್ಳೇ ಅವಳೆ ಅಂದ್ಕಳಾಕಿಲ್ವಾ? ತಕ್ಕೋ, ನನ್ನದರಿಂದ್ಲೂ ಒತ್ತು.”

ಅವಳಿಗೆ ಗೊತ್ತಾದರೆ ಊರಿಗೆ ಗೊತ್ತಾಗಲು ಮೈಕು ಬೇಡ. ಸಂಜೆ ಡೈರಿಗೆ ಹಾಲು ಹಾಕಿದವರೆಲ್ಲ ಕ್ಯಾನು ಹಿಡಿದುಕೊಂಡೇ ನನ್ನ ಜಗಲಿಗೆ ಬಂದರು. ಅಕ್ಷರ ಕೂಡಿಸಬಲ್ಲವಳು ನಾನೊಬ್ಬಳೇ. ಆಗುವುದಿಲ್ಲ ಎನ್ನುವುದು ನನಗೆ ಬರುವುದಿಲ್ಲ. ಮಿಕ್ಕ ಇಪ್ಪತ್ತೈದು ಫೋನಿನಿಂದಲೂ ಹನ್ನೊಂದು ಹನ್ನೊಂದು ಒತ್ತಿದೆ. ಒಬ್ಬಳು ತನ್ನ ನಾದಿನಿ ಹನ್ನೊಂದು ಮಾಡಿದ್ದರೆ ತಾನು ಐವತ್ತೊಂದು ಮಾಡುತ್ತೇನೆ ಎಂದು ಹಟ ಹಿಡಿದಳು. ಸಮಾಧಾನ ಮಾಡಿ ಕಳಿಸಬೇಕಾಯಿತು. ಎಲ್ಲರೂ ಹೋದ ಮೇಲೆ ಒಂದು ಸಂಭ್ರಮ ಮುಗಿಸಿದವಳ ಹಾಗೆ ಕಾಲು ಚಾಚಿ ಕೂತೆ.

ಮರುದಿನ ಹುಳುಗಳು ಜ್ವರದಿಂದ ಎದ್ದವು. ಅವುಗಳಿಗೆ ಸೊಪ್ಪು ಹಾಕಿ ನಾನು ಬಸ್ಸು ಹತ್ತಿದೆ. ರಾಮನಗರ ಆ ಬಸ್ಸಿಗೆ ಕೊನೆಯ ಸ್ಟಾಪು, ಯಾರಿಗೂ ಏನೂ ಹೇಳದೆ ಇಳಿಯಬಹುದು. ಚಂದ್ರಿಕೆಯವನು ನನ್ನ ಫೋನಿಗೆ ತನ್ನ ಫೋನು ಹಿಡಿದ. ಕೆಂಪು ಬಂತು. ಇನ್ನೊಮ್ಮೆ ಹಿಡಿದ. ಕೆಂಪೇ.

“ಯಾಕೋ ಬೀಗ ಬಿದ್ದೈತೆ ಕಣಕ್ಕ. ಅವರ್ನೇ ಕೇಳಿ.”

ಚಂದ್ರಿಕೆಗಳು ಅವನ ಹಿಂದೆಯೇ ಗೋಡೆಗೆ ಒರಗಿ ನಿಂತಿದ್ದವು. ನಾಳೆ ಕೊಡುತ್ತೇನೆ, ಈಗ ಹಾಕಿ ಕಳಿಸು ಎಂದು ಕೇಳಿದ್ದರೆ ಕೊಡುತ್ತಿದ್ದನೋ ಏನೋ. ನಿಮ್ಮ ತಾತ ಆಗಿದ್ದರೆ ಅವನ ಹೆಗಲ ಮೇಲೆ ಕೈಹಾಕಿ, ಟೀ ಕುಡಿಸಿಕೊಂಡು, ಟೆಂಪೋ ತುಂಬಿಸಿಕೊಂಡು ಬರುತ್ತಿದ್ದರು. ನಾನು ಒಂದು ಚಂದ್ರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿ ವಾಪಸ್ ಬಂದೆ.

ಊರಿಗೆ ಬಂದರೆ ಎಲ್ಲರ ಫೋನಿಗೂ ಬೀಗ. ಹೆಂಗಸರು ಸಂಸ್ಥೆಗೆ ಶಾಪ ಹಾಕುತ್ತಿದ್ದರು. ನನಗೂ ಕಾರಣ ಹೊಳೆಯಲಿಲ್ಲ, ನಿಜವಾಗಿಯೂ. ನಾನೂ ಮನಸ್ಸಿನಲ್ಲೇ ಎರಡು ಶಾಪ ಹಾಕಿದೆ.

ಮೂರನೇ ದಿನ ಹುಡುಗಿ ಬಂದಳು. ಮುಖ ಬಾಡಿತ್ತು. ನನ್ನ ಮನೆಯಲ್ಲೇ ಕೂತು ಹೇಳಿದಳು: ಒಂದೇ ಸಂಜೆ, ಇಪ್ಪತ್ತಾರು ಫೋನಿನಿಂದ, ಒಂದೇ ಮೊತ್ತ, ಹೊರಗಿನ ಒಂದೇ ವಿಳಾಸಕ್ಕೆ ಹೋಗಿದೆ. ಕಳ್ಳರು ಎಲ್ಲವನ್ನೂ ಬಾಚುವ ಮುಂಚೆ ಹೀಗೆ ಚಿಕ್ಕದೊಂದು ಮೊತ್ತ ಕಳಿಸಿ ದಾರಿ ಸರಿಯಿದೆಯೇ ನೋಡುತ್ತಾರಂತೆ. ಈ ದುಡ್ಡು ಹೊರಡಿಸುವ ಕಂಪನಿಯ ಕಂಪ್ಯೂಟರು ದೂರದ ದೇಶದಲ್ಲಿ ಕೂತೇ ಅದನ್ನು ಕಂಡು ತಾನಾಗಿ ಬೀಗ ಹಾಕಿದೆ. ಯಾರೋ ಇಪ್ಪತ್ತಾರು ಜನರ ಹನ್ನೆರಡು ಪದಗಳನ್ನೂ ಕದ್ದಿದ್ದಾರೆ, ವಿಚಾರಣೆ ಮುಗಿಯುವವರೆಗೆ ಬೀಗ ತೆಗೆಯುವುದಿಲ್ಲ ಎಂದು ಮೇಲಿನವರು ಹೇಳುತ್ತಿದ್ದಾರೆ. ಆ ಚೀಟಿಗಳನ್ನು ಹಂಚಿದವಳು ತಾನೇ ಆದ್ದರಿಂದ ತನ್ನ ಮೇಲೂ ಅನುಮಾನ.

ಆಗ ನನಗೆ ಗೊತ್ತಾಯಿತು, ಆ ಕಳ್ಳಿ ಯಾರು ಎಂದು. ಕಳ್ಳಿಯ ಕೈಯಲ್ಲಿ ಅವಳಿಗೆ ಕೊಡಲು ಹಿಡಿದಿದ್ದ ಕಾಫಿ ಲೋಟವಿತ್ತು.

ಹೇಳಿಬಿಡಬೇಕಿತ್ತು. ಒಸಿ ಸಕ್ಕರೆ ಹಾಕಲೇ ಎಂದು ಕೇಳಿದೆ, ಅಷ್ಟೇ. ಅವಳು ಕಾಫಿ ಕುಡಿದು, ನಾಡಿದ್ದು ಡೈರಿಯಲ್ಲಿ ಎಲ್ಲರೂ ಸೇರಿ, ಮೇಲಿನವರು ಫೋನಿನಲ್ಲೇ ಮಾತಾಡುತ್ತಾರೆ ಎಂದು ಹೇಳಿ ಹೊರಟಳು. ಹೋಗುವ ಗಡಿಬಿಡಿಯಲ್ಲಿ ತನ್ನ ಊಟದ ಡಬ್ಬಿಯನ್ನು ನಮ್ಮ ಜಗಲಿಯ ಮೇಲೆ ಮರೆತಳು.

ಆ ಎರಡು ದಿನ ನಾನು ಹುಳು ಮನೆಯಲ್ಲೇ ಇದ್ದೆ. ಕೊನೆಯ ದಿನಗಳಲ್ಲಿ ಹುಳು ಸೊಪ್ಪು ತಿನ್ನುವ ಸದ್ದು ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಇರುತ್ತದೆ. ಬೇರೆ ವರ್ಷ ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ. ಆ ಸಲ, ನಿಧಾನವಾಗಿ ತಿನ್ನಿ ಕಣ್ರಪ್ಪ, ಅವಸರವೇನು ಎಂದು ಗೋಗರೆದೆ. ಅವು ಕೇಳಲಿಲ್ಲ. ಐದನೇ ದಿನಕ್ಕೆ ಕಿರುಬೆರಳಿನ ಗಾತ್ರ ಆದವು. ಇನ್ನು ಎರಡೇ ದಿನ.

ಡೈರಿಯ ಜಗಲಿಯಲ್ಲಿ ಹುಡುಗಿ ಫೋನನ್ನು ಹಾಲಿನ ಕ್ಯಾನಿಗೆ ಒರಗಿಸಿ ನಿಲ್ಲಿಸಿದ್ದಳು. ಅದರಲ್ಲಿ ಕನ್ನಡಕ ಹಾಕಿದ ಒಬ್ಬ ಯಜಮಾನರು. ನಮ್ಮ ಕಡೆಯ ಕನ್ನಡವಲ್ಲ, ಆದರೆ ಕನ್ನಡವೇ. ನಿಮ್ಮ ಹನ್ನೆರಡು ಪದಗಳನ್ನು ಯಾರಾದರೂ ಕೇಳಿದರೇ, ಯಾರಿಗಾದರೂ ಫೋನು ಕೊಟ್ಟಿರಾ ಎಂದು ಒಬ್ಬೊಬ್ಬರನ್ನೂ ವಿಚಾರಿಸಿದರು. ಇಪ್ಪತ್ತೈದು ಹೆಂಗಸರು ಇಪ್ಪತ್ತೈದು ದಿಕ್ಕಿಗೆ ನೋಡಿದರು. ಪಕ್ಕದ ಮನೆಯ ಅಕ್ಕ, ಹುಟ್ಟಿದಂದಿನಿಂದ ಸುಮ್ಮನಿದ್ದವಳಲ್ಲ, ಆವತ್ತು ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಜಂತಿ ಎಣಿಸುತ್ತಿದ್ದಳು. ಫೋನು ಹೋದರೂ ಹೋಗಲಿ, ನನ್ನ ಹೆಸರು ಯಾರೂ ಎತ್ತುವುದಿಲ್ಲ ಎಂದು ನನಗೆ ಅರ್ಥವಾಯಿತು. ಬೈದಿದ್ದರೆ ಸಹಿಸಬಹುದಿತ್ತು. ಇದು ಸಹಿಸಲಾಗಲಿಲ್ಲ.

ನಾನು ಎದ್ದೆ. ಕಂಬ ಬಿಟ್ಟು ಮುಂದೆ ಬಂದೆ. ಸೆರಗಿನ ಅಡಿಯಲ್ಲಿ ಹುಡುಗಿಯ ಡಬ್ಬಿ ಇತ್ತು, ವಾಪಸ್ ಕೊಡಲು ತಂದಿದ್ದೆ. ಬೇರೇನೂ ತೋಚದೆ ಅದನ್ನೇ ಅವಳ ಕೈಗೆ ಕೊಟ್ಟೆ. ಅವಳು ಗಲಿಬಿಲಿಗೊಂಡು ಇಸಿದುಕೊಂಡಳು. ಭಾರವಿದೆಯಲ್ಲ ಎಂದು ಮುಚ್ಚಳ ತೆಗೆದಳು. ಒಳಗೆ ಹುರಿಗಡಲೆ ತಂಬಿಟ್ಟಿನ ಉಂಡೆ.

ಅವಳು ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ದೊಡ್ಡಆಲಹಳ್ಳಿಯವಳಲ್ಲವೇ, ಅವಳ ಅವ್ವನೂ ಬರಿಯ ಡಬ್ಬಿ ವಾಪಸ್ ಕೊಟ್ಟವಳಲ್ಲ. ತನ್ನ ಫೋನು ತೆಗೆದು ಆ ಹೊರಗಿನ ವಿಳಾಸ ಯಾವುದು ಎಂದು ಅಕ್ಷರ ಅಕ್ಷರ ಹಿಡಿದು ನೋಡಿದಳು. ಇಷ್ಟು ದಿನ ಎಲ್ಲರೂ ಕಳ್ಳನ ವಿಳಾಸ ಎಂದು ನೋಡಿದ್ದರೇ ಹೊರತು ಕೊಟ್ಟವರ ವಿಳಾಸದ ಪಕ್ಕ ಇಟ್ಟು ಯಾರೂ ನೋಡಿರಲಿಲ್ಲ. ಕೊಟ್ಟವರಿಗೇ ಯಾರಾದರೂ ಕದ್ದು ಕಳಿಸುತ್ತಾರೆ ಎಂದು ಯಾರ ತಲೆಗೆ ಹೊಳೆಯಬೇಕು? ಅವಳಿಗೆ ನಗು ತಡೆಯಲಾಗಲಿಲ್ಲ. ಡಬ್ಬಿಯನ್ನು ಎತ್ತಿ ಫೋನಿನ ಮುಂದೆ ಹಿಡಿದಳು.

“ಕಳ್ತನ ಅಲ್ಲ ಸಾರ್. ಡಬ್ಬಿ ತೊಳ್ದು ತುಂಬ್ಸಿ ವಾಪಸ್ ಕೊಟ್ಟವ್ರೆ.”

ಯಜಮಾನರಿಗೆ ಅರ್ಥವಾಗಲಿಲ್ಲ. ಅವಳು ಮುಯ್ಯಿಯ ವಿಷಯ ಬಿಡಿಸಿ ಹೇಳಿದಳು. ಅವರು, ಇದು ರೆಕಾರ್ಡ್ ಆಗಬೇಕು, ಮಾಡಿದವರೇ ಅವರ ಬಾಯಿಂದ ಹೇಳಬೇಕು ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಹಾಲಿನ ಕ್ಯಾನಿಗೆ ಒರಗಿದ ಆ ಚಿಕ್ಕ ಮುಖವೂ ನನ್ನನ್ನೇ ನೋಡುತ್ತಿತ್ತು. ನಾನು ಕ್ಯಾನನ್ನು ನೋಡಿಕೊಂಡು ಹೇಳಿದೆ.

“ಬರೀ ಪಾತ್ರೆ ಕೊಡಬಾರ್ದು ಸಾ. ಅದ್ಕೇ.”

“ಆದರೆ ಹನ್ನೊಂದೇ ಯಾಕಮ್ಮ? ಹತ್ತು ಯಾಕಲ್ಲ?”

ಇಷ್ಟು ದೊಡ್ಡವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ನನ್ನ ನಾಚಿಕೆ ಒಂದು ಗಳಿಗೆ ಮರೆತೇಹೋಯಿತು.

“ಅತ್ತು ಕೊಟ್ರೆ ಅಲ್ಲಿಗೆ ಮುಗ್ದೋಯ್ತದೆ ಸಾ. ಮೇಲೊಂದು ಇದ್ರೆ ಓಗೋದು ಬರೋದು ಇರ್ತದೆ.”

ನನ್ನ ಜೀವಮಾನದಲ್ಲಿ ಸಭೆಯಲ್ಲಿ ನಾನು ಆಡಿದ್ದು ಇಷ್ಟೇ. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. ಬೀಗ ತೆಗೆಸುತ್ತೇನೆ, ಆದರೆ ಅದು ಬೇರೆ ದೇಶದ ಆಫೀಸಿನಿಂದ ಆಗಬೇಕು, ಒಂದೆರಡು ದಿನ ಹಿಡಿಯಬಹುದು ಎಂದರು. ಆಗ ಅಕ್ಕ ಹೊರಗೆ ಹೋಗಿ ಎಲೆಯಡಿಕೆ ಉಗುಳಿ ಬಂದು, ಐದು ದಿನದಿಂದ ಕಟ್ಟಿಟ್ಟಿದ್ದನ್ನೆಲ್ಲ ಒಟ್ಟಿಗೆ ಹೇಳಿದಳು. ಹುಳುವಿಗೆ ನಿಮ್ಮ ಆಫೀಸಿನ ರಜ ಗೊತ್ತಿಲ್ಲ ಎಂಬುದು ಅದರ ಸಾರಾಂಶ. ಮಿಕ್ಕದ್ದು ನೀವು ದೊಡ್ಡವರಾದ ಮೇಲೆ.

ಏಳನೇ ದಿನ ಬೆಳಿಗ್ಗೆ ನೋಡಿದರೆ ಒಂದಷ್ಟು ಹುಳುಗಳು ಹಳದಿಗೆ ತಿರುಗಿ ತಲೆ ಎತ್ತಿ ಆಡಿಸುತ್ತಿದ್ದವು. ಹಣ್ಣಾಗಿದ್ದವು. ಫೋನಿನಲ್ಲಿ ಇನ್ನೂ ಕೆಂಪು. ಮೊರ, ಜರಡಿ, ಒಣಗಿದ ಹೊಂಗೆ ಕೊಂಬೆ, ಕೋಳಿ ಮೊಟ್ಟೆಯ ಟ್ರೇ, ಸಿಕ್ಕಿದ್ದರಲ್ಲೆಲ್ಲ ಆರಿಸಿ ಬಿಟ್ಟೆ. ಹೆಂಗಸರು ತಮ್ಮ ತಮ್ಮ ಮನೆಯ ಮೊರ ತಂದರು. ಒಂದು ಹುಳು ಹೇಗೋ ಹೋಗಿ ಆ ಫೋನು ಬಂದಿದ್ದ ಡಬ್ಬದ ಮೂಲೆಯಲ್ಲಿ ಕೂತು ಗೂಡು ಕಟ್ಟಿತು. ಮಧ್ಯಾಹ್ನದ ಹೊತ್ತಿಗೆ ಮೊರಗಳೂ ಮುಗಿದವು, ಹುಳುಗಳ ದೊಡ್ಡ ಪಾಲು ಇನ್ನೂ ತಟ್ಟೆಯಲ್ಲೇ ಇತ್ತು. ಆಗ ಫೋನು ಟಿಂಗ್ ಎಂದಿತು. ಹಸಿರು.

ಚಂದ್ರಿಕೆಯವನಿಗೆ ನಾನೇ ಫೋನು ಮಾಡಿದೆ. ಹೌದು, ನಾನೇ. ದುಡ್ಡು ಕಳಿಸಿದ್ದೇನೆ, ಈಗಲೇ ಟೆಂಪೋ ಹೊರಡಿಸು ಎಂದೆ. ದನಿ ಯಾರದೋ ಅನ್ನಿಸಿತು. ಟೆಂಪೋ ಬರುವಷ್ಟರಲ್ಲಿ ಇಪ್ಪತ್ತೈದು ಹೆಂಗಸರೂ ನನ್ನ ಹುಳು ಮನೆಯ ಬಾಗಿಲಲ್ಲಿ ಕಾಲು ತೊಳೆದುಕೊಂಡು ನಿಂತಿದ್ದರು. ದೀಪ ಹಚ್ಚುವ ಹೊತ್ತಿಗೆ ಎಲ್ಲ ಹುಳುವೂ ಚಂದ್ರಿಕೆ ಏರಿತ್ತು. ಗೂಡು ಚೆನ್ನಾಗಿ ಬಂತು. ಮೊರದಲ್ಲಿ ಕಟ್ಟಿದವು ಒಂದಿಷ್ಟು ಸೊಟ್ಟಗಿದ್ದವು. ಮಾರುಕಟ್ಟೆಯಲ್ಲಿ ಒಬ್ಬ, ಇವು ಯಾವ ತಳಿ ಅಕ್ಕ ಎಂದು ಕೇಳಿದ. ಮೊರದ ತಳಿ ಎಂದು ಹೇಳಬೇಕೆನ್ನಿಸಿತು. ಹೇಳಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ತಿಂಗಳು ಒಂದು ಬೆಳಿಗ್ಗೆ ಇಪ್ಪತ್ತಾರು ಫೋನೂ ಒಟ್ಟಿಗೆ ಟಿಂಗ್ ಎಂದವು. ಆವಮ್ಮನಿಂದ ಬಂದಿತ್ತು. ಒಬ್ಬೊಬ್ಬರಿಗೂ ಇಪ್ಪತ್ತೊಂದು. ಇಪ್ಪತ್ತಲ್ಲ, ಇಪ್ಪತ್ತೊಂದು. ಆ ಮೇಲಿನ ಒಂದನ್ನು ನೋಡಿ ಹೆಂಗಸರು ಬಾಯಿ ಮೇಲೆ ಬೆರಳಿಟ್ಟರು. ಅವರು ನಮ್ಮ ಸೀಮೆಯವರೇ, ಮಾಗಡಿಯ ಕಡೆಯಿಂದ ಹೋದವರಿರಬೇಕು ಎಂದು ಕೆಲವರು ಹೇಳಿದರು. ನನಗೇನೋ ಆ ಹುಡುಗಿಯೇ ಹೇಗೋ ತಿಳಿಸಿರಬೇಕೆಂದು ಅನುಮಾನ. ಕೇಳಿದರೆ ತಂಬಿಟ್ಟು ಯಾವಾಗ ಮಾಡ್ತೀಯವ್ವ ಎಂದು ಮಾತು ತಿರುಗಿಸುತ್ತಾಳೆ.

ಸಂಸ್ಥೆಯ ಆ ಕೆಲಸ ಮುಗಿದು ಅಂಗಡಿಗಳು ಈಗ ಅದನ್ನು ತೆಗೆದುಕೊಳ್ಳುವುದಿಲ್ಲ. ಆದರೆ ಪುಸ್ತಕ ಇದ್ದೇ ಇದೆ. ನನ್ನ ಇಪ್ಪತ್ತೊಂದೂ, ಚಂದ್ರಿಕೆ ತಂದು ಉಳಿದದ್ದೂ ಫೋನಿನಲ್ಲೇ ಇವೆ. ಈಗ ಸರದಿ ನಮ್ಮದು. ಕೂಡಲೇ ಯಾಕೆ ಕಳಿಸಲಿಲ್ಲ ಎನ್ನುತ್ತೀರಾ? ಮುಯ್ಯಿಯನ್ನು ಅವರ ಮನೆಯ ಕಾರ್ಯಕ್ಕೋ ಕಷ್ಟಕ್ಕೋ ಮಾಡಬೇಕು, ಬಿಡುವಾದಾಗ ಅಲ್ಲ. ಹೆಸರೇ ಗೊತ್ತಿಲ್ಲದವರ ಕಷ್ಟ ನನಗೆ ಹೇಗೆ ತಿಳಿಯಬೇಕು? ಅದಕ್ಕೊಂದು ಉಪಾಯ ಕಂಡುಕೊಂಡಿದ್ದೇನೆ. ದಿನಾ ಬೆಳಿಗ್ಗೆ ಹಾಲು ಹಾಕಿ ಬಂದು ಆವಮ್ಮನ ಸಾಲು ತೆರೆದು ನೋಡುತ್ತೇನೆ. ಇವತ್ತು ಯಾರಿಗೋ ಕಳಿಸಿದ್ದಾರೆ, ಹೋದ ವಾರ ಇನ್ನಾರಿಗೋ. ಕೊಡುತ್ತಿದ್ದಾರೆ ಎಂದರೆ ಚೆನ್ನಾಗಿದ್ದಾರೆ. ಯಾವತ್ತು ಆ ಸಾಲು ತಿಂಗಳುಗಟ್ಟಲೆ ಸುಮ್ಮನಾಗುತ್ತದೋ ಆವತ್ತು ಅವರ ಕೈ ಬರಿದಾಗಿದೆ ಎಂದು ಅರ್ಥ. ಆಗ ಮೂವತ್ತೊಂದು ಕಳಿಸಬೇಕು. ಅಷ್ಟರಲ್ಲಿ ನಾನಿರುತ್ತೇನೋ ಇಲ್ಲವೋ. ನೀವು ಇರುತ್ತೀರಿ.

ನೋಡಿ, ಈ ಬರಹ ಹನ್ನೆರಡು ಹಾಳೆಯಾಗಿದೆ. ಬೇಕೆಂದೇ ಎಳೆದಿದ್ದೇನೆ, ಮದ್ದೂರಿನ ವಡೆ ಇಲ್ಲದಿದ್ದರೆ ಹನ್ನೊಂದಕ್ಕೇ ನಿಂತುಬಿಡುತ್ತಿತ್ತು. ಪ್ರತಿ ಹಾಳೆಯ ಹಿಂದೆ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದೊಂದು ಇಂಗ್ಲಿಷ್ ಪದ ಬರೆದಿದ್ದೇನೆ. ಯಾರಿಗೂ ತೋರಿಸಬಾರದು ಎಂದು ಹುಡುಗಿ ಹೇಳಿದ್ದಳು, ಆದರೆ ನೀವು ಯಾರೋ ಅಲ್ಲ. ಒಂದು ಹಾಳೆ ಕಳೆದರೆ ಉಳಿದ ಹನ್ನೊಂದರಿಂದ ಏನೂ ಆಗದು, ಹಿಂದುಮುಂದಾದರೂ ಆಗದು. ಆದ್ದರಿಂದ ಗುಂಡ ದೋಣಿ ಮಾಡದ ಹಾಗೆ, ಚಿನ್ನಿ ಬೈಂಡು ಹಾಕದ ಹಾಗೆ, ಇದೇ ಸಾಲಿನಲ್ಲಿ ಜೋಡಿಸಿ, ದಾರದಲ್ಲಿ ಹೊಲಿದು, ನಿಮ್ಮ ಅವ್ವನ ಸೀರೆಗಳ ಅಡಿಯಲ್ಲಿ ಇಟ್ಟುಕೊಳ್ಳಿ.